ಗದ್ದೆ ತಾನೇ ನೆಟ್ಟುಕೊಳ್ಳಬೇಕೇ?

ವೇದಿಕೆಯ ಮೇಲಿನ ಹಿರಿಯರಿಗೆ, ಊರಿನ ಬಂಧುಗಳಿಗೆ, ಮುಂದಿನ ಸಾಲಿನಲ್ಲಿರುವ ಮುಬೀನನ ತಾಯಿ ಅಫ್ಸರ್ ಬೇಗಂ ಅವರಿಗೆ, ಪತ್ನಿ ಶಾಹೀನ್ ಅವರಿಗೆ — ನಮಸ್ಕಾರ, ಸಲಾಂ. ನಾನು ಗುರುಪ್ರಕಾಶ್, ಸೊರಬದವನು. ಇಲ್ಲೇ ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲೆ, ಮುಬೀನ್ ಮತ್ತು ನಾನು ಮೊಬೈಲ್ ಗೇಮ್ ಮಾಡುತ್ತಿದ್ದೆವು. ಪರದೆಯ ಮೇಲೆ ಏನಿರಬೇಕು, ಯಾವುದನ್ನು ಒತ್ತಿದರೆ ಏನಾಗಬೇಕು ಎಂದು ಅವನು ಹೇಳುತ್ತಿದ್ದ. ನಾನು ಕೋಡ್ ಬರೆಯುತ್ತಿದ್ದೆ. ದಿವಂಗತರು ಎನ್ನಬೇಕಂತೆ — ಬಾಯಿಗೆ ಬರುತ್ತಿಲ್ಲ. ಅವನು ಎಂದೇ ಹೇಳುತ್ತೇನೆ, ಮನೆಯವರು ಕ್ಷಮಿಸಬೇಕು.

ಇಂಥ ಸಭೆಯಲ್ಲಿ ಒಳ್ಳೆಯದನ್ನೇ ಆಡಬೇಕು. ಆದರೆ ನನಗೆ ಸಿಟ್ಟು ಬಂದಿದೆ. ಬೇರೆ ಯಾರ ಮೇಲೂ ಅಲ್ಲ, ಅವನ ಮೇಲೆಯೇ. ಜಗಳವನ್ನು ಅರ್ಧಕ್ಕೆ ಬಿಟ್ಟು ಹೋದ.

ಯಾವ ಜಗಳ ಅಂತೀರಾ? ನಮ್ಮ ಆಟದ ಹೆಸರು ‘ಅಗೆ’, ನಾಟಿಗೆ ಬೆಳೆಸುವ ಭತ್ತದ ಸಸಿ ಅಂತಾರಲ್ಲ, ಅದೇ. ಇಲ್ಲಿ ಎಷ್ಟೋ ಜನರ ಫೋನಿನಲ್ಲಿದೆ. ಗದ್ದೆ ಹೂಡಬೇಕು, ನೀರು ಕಟ್ಟಬೇಕು, ಆಮೇಲೆ ಭತ್ತದ ಸಸಿ ನೆಡಬೇಕು. ಒಮ್ಮೆ ಒತ್ತಿದರೆ ಒಂದು ಸಸಿ. ಮತ್ತೆ ಒತ್ತಿದರೆ ಇನ್ನೊಂದು. ಹೀಗೆ — ಇಲ್ಲಿ ನೋಡಿ, ನನ್ನ ಬೆರಳು ನೋಡಿ — ಹೀಗೆ, ಹೀಗೆ, ಹೀಗೆ, ಗದ್ದೆ ತುಂಬುವವರೆಗೆ. ನಿಮಗೆ ನೋಡಿಯೇ ಸಾಕಾಯಿತಲ್ಲ? ಅದನ್ನೇ ನಾನು ಹೇಳಿದ್ದು. ಒಂದು ಬಟನ್ ಹಾಕೋಣ, ಒತ್ತಿದರೆ ಗದ್ದೆ ತಾನೇ ನೆಟ್ಟುಕೊಳ್ಳಲಿ. ಯೋಚನೆ ಮಾಡುವ ಕೆಲಸ ಆಡುವವರಿಗಿರಲಿ, ಬರೀ ಒತ್ತುವ ಕೆಲಸ ಯಂತ್ರಕ್ಕಿರಲಿ. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ.

ಅವನು ಕೇಳಬೇಕಲ್ಲ. “ನೆಡೋದನ್ನ ತೆಗೆದ್ರೆ ಉಳಿಯೋದೇನೋ ಗುರು? ನೋಡ್ಕೊಂತ ಕುಂದ್ರೋದಾ?” ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಭತ್ತ ಮಾರುವಾಗ ಚೀಲಕ್ಕೊಮ್ಮೆ ‘ಖಚಿತವೇ?’ ಎಂದು ಆಟ ಕೇಳುತ್ತಿತ್ತು. ಅದನ್ನು ಮಾತ್ರ ಅವನೇ ಕಿತ್ತುಹಾಕಿದ. ಅದು ಗುಮಾಸ್ತಗಿರಿ, ಅದನ್ನು ಯಂತ್ರ ಮಾಡಲಿ, ಸಸಿಯನ್ನು ಮನುಷ್ಯನೇ ನೆಡಲಿ ಎಂದ. ಅಮ್ಮಿ ಅಂಗಿಗೆ ಕಾಜಾ ಹೊಲಿಯುವಾಗಲೇ ಮನೆಯ ಮಾತೆಲ್ಲ ನಡೆಯುತ್ತಿದ್ದದ್ದು, ಕೈ ಸುಮ್ಮನಾದರೆ ಮಾತೂ ನಿಲ್ಲುತ್ತಿತ್ತು ಎನ್ನುತ್ತಿದ್ದ. ಗೇಮಿಗೂ ಕಾಜಾಕ್ಕೂ ಏನು ಸಂಬಂಧ ಎಂದು ನಾನು ಕೂಗಾಡಿದೆ.

ಕಡೆಗೆ, ಸ್ವಲ್ಪ ದಿನ ಬಟನ್ ಹಾಕಿ ನೋಡೋಣ ಎಂದು ಇಬ್ಬರೂ ಒಪ್ಪಿದೆವು. ಜನ ಏನಂತಾರೆ ಕೇಳೋಣ ಎಂದು ಉಳವಿಗೆ ಹೋದೆವು. ಹಾರ ಹಾಕುತ್ತಾರೆ ಎಂದುಕೊಂಡಿದ್ದೆ ನಾನು. ಬಸ್ ನಿಲ್ದಾಣದಲ್ಲಿ ಗೆಳತಿಯ ಜೊತೆ ನಿಂತಿದ್ದ ಕರುಣಾ ಅಂತ ಒಬ್ಬರು ಸಿಕ್ಕರು. “ಯಾರ್ರೀ ಇದನ್ನ ಹಾಕಿದ್ದು? ಮೊದ್ಲು ಬಸ್ಸಲ್ಲಿ ಇವ್ಳ ಗದ್ದೆ ನಾನು, ನನ್ ಗದ್ದೆ ಇವ್ಳು ನೆಡ್ತಿದ್ವಿ. ಈಗ ಎಲ್ರೂ ಬಟನ್ ಒತ್ತಿ ಕಿಟಕಿ ಕಡೆ ತಿರುಗ್ತಾರೆ” ಎಂದರು. ಅರ್ಥವಾಯಿತಲ್ಲ? ಮುಯ್ಯಾಳು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಫೋನ್ ಕೈಯಿಂದ ಕೈಗೆ ದಾಟಿಸಿಕೊಂಡು ಆಟದೊಳಗೂ ಮುಯ್ಯಾಳು ಹೂಡಿದ್ದರು. ನಮ್ಮಿಬ್ಬರಿಗೂ ಇದು ಹೊಳೆದಿರಲಿಲ್ಲ. ಮುಬೀನ್ ದಾರಿಯುದ್ದಕ್ಕೂ ನಕ್ಕ. ಬೈಕ್ ನಾನು ಓಡಿಸುತ್ತಿದ್ದೆ, ಇಲ್ಲದಿದ್ದರೆ ಗುದ್ದುತ್ತಿದ್ದೆ.

ಬಟನ್ ತೆಗೆದೆ. ತೆಗೆದ ಕೂಡಲೇ ಕುಪ್ಪಗಡ್ಡೆಯ ತಿಮ್ಮಮ್ಮ ಫೋನ್ ಮಾಡಿದರು. ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿದೆ. “ಬಟನ್ ಇದ್ದಾಗ ನಾನೂ ನೆಟ್ಟಿದ್ದೆ ಮಾರಾಯ. ಈಗ ನನ್ ಗದ್ದೆ ಬೀಳು ಬಿಡ್ಲಾ?”

ಮುಬೀನ್ ಅವತ್ತು ನಗಲಿಲ್ಲ. ಕೂತು ಹೊಸದೊಂದು ಯೋಚಿಸಿದ. ಕೈಲಾಗದವರು ಆಟದೊಳಗಿಂದಲೇ ಮುಯ್ಯಾಳು ಕರೆಯಬಹುದು, ಬೇರೆಯವರು ತಮ್ಮ ಫೋನಿನಿಂದಲೇ ಬಂದು ನೆಟ್ಟುಕೊಡಬಹುದು. ಚೆನ್ನಾಗಿತ್ತು, ಇಲ್ಲ ಎನ್ನುವುದಿಲ್ಲ. ಮಾಡಿಕೊಟ್ಟೆ. ಮೊದಲ ಬಾರಿ ಜನ ನುಗ್ಗಿ ಬಂದರು. ಎರಡನೇ ಬಾರಿ ತಿಮ್ಮಮ್ಮ ಕರೆದಾಗ ಒಬ್ಬರೂ ಬರಲಿಲ್ಲ.

ಯಾರೂ ಬರದಿದ್ದರೆ ಯಂತ್ರ ನೆಡಲಿ ಎಂದೆ. “ಯಂತ್ರ ಬರ್ತತಿ ಅಂತ ಗೊತ್ತಾದ್ರೆ ಮನುಷ್ಯ ಯಾಕೆ ಬರ್ತಾನೋ?” ಎಂದ. ಸರಿ, ಮನುಷ್ಯ ಬರದೇ ಇದ್ದರೆ ಆಕೆ ಏನು ಮಾಡಬೇಕು ಎಂದೆ. “ಚಾ ಕುಡ್ದು ಬಂದು ಹೇಳ್ತೀನಿ, ತಡಿ” ಎಂದು ಎದ್ದು ಹೋದ.

ಮೆಟ್ಟಿಲ ಮೇಲೇ ಕುಸಿದ. ಹೃದಯಾಘಾತ ಎಂದರು ಡಾಕ್ಟರು.

ಅವನ ಬಳಿ ಉತ್ತರ ಇತ್ತೇ? ಇರಲಿಲ್ಲ ಎಂದೇ ನನಗನ್ನಿಸುತ್ತದೆ. ಉತ್ತರ ಇದ್ದಿದ್ದರೆ ಚಾಕ್ಕೆ ಹೋಗುವ ಗಿರಾಕಿಯಲ್ಲ ಅವನು. ಆದರೂ ಬಂದು ಏನೋ ಒಂದು ಹೇಳುತ್ತಿದ್ದ, ನಾನು ಅಲ್ಲ ಎನ್ನುತ್ತಿದ್ದೆ, ಇಬ್ಬರೂ ಸೇರಿ ಒಂದು ದಾರಿ ಕಾಣುತ್ತಿದ್ದೆವು. ನಮ್ಮ ಕೆಲಸ ನಡೆಯುತ್ತಿದ್ದದ್ದೇ ಹಾಗೆ. ಈಗ ಒಬ್ಬನೇ ಕೂತು ಯಾರ ಹತ್ತಿರ ಜಗಳ ಆಡಲಿ?

ಈ ಸಭೆ ಮುಗಿದ ಮೇಲೆ ನಾನು ಬಟನ್ ಹಾಕುತ್ತೇನೆ. ಯಾರೂ ಬರದಿದ್ದರೆ ಗದ್ದೆ ತಾನೇ ನೆಟ್ಟುಕೊಳ್ಳುತ್ತದೆ. ತಿಮ್ಮಮ್ಮ ಇನ್ನೂ ಕಾಯುವುದು ಬೇಡ. ಮುಬೀನ್, ಕೂಡದು ಅನ್ನು — ಅನ್ನೋ.

ನೋಡಿ, ಅನ್ನುವುದಿಲ್ಲ. ಹೀಗೆ ಗೆಲ್ಲುವುದು ನನಗೆ ಬೇಕಿರಲಿಲ್ಲ. ಅವನು ಬೇಕಿತ್ತು.

ಇಷ್ಟೇ ನನ್ನ ಮಾತು. ಫೋನುಗಳನ್ನು ಕಿಸೆಯಲ್ಲಿಡಿ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ, ಅವನಿಗಾಗಿ ಒಂದಿಷ್ಟು ಹೊತ್ತು ಸುಮ್ಮನಿರೋಣ. ಅಲ್ಲಿ, ಬಾಗಿಲ ಹತ್ತಿರ — ತಿಮ್ಮಮ್ಮ, ನೀವು ಏಳಬೇಡಿ. ಕುಪ್ಪಗಡ್ಡೆಯಿಂದ ಬಸ್ಸಿಗೆ ಬಂದಿದ್ದೀರಿ, ಅದೇ ಹೆಚ್ಚು. ಕೂತಿರಿ ತಾಯಿ. ನಿಮ್ಮ ಬದಲಿಗೆ ನಾವು ನಿಲ್ಲುತ್ತೇವೆ.