ಉಪ್ಪು ಸೋರುವ ಬಟ್ಟಲು

...ನನ್ನ ಎರಡೂ ಕಿವಿಯಾಣೆ ಅಕ್ಕಾ, ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನಾಳೆಯಿಂದ ನನಗೆ ಕುಕ್ಕರ್ ಸೀಟಿನೂ ಕೇಳಿಸದೇ ಹೋಗಲಿ! ಯಾಕೆ ನಗ್ತೀಯ? ನಗು, ನಗು. ನಿನ್ನ ಮಕ್ಕಳು ನನಗೆ ‘ಬಡಾಯಿ ಮಾವ’ ಅಂತ ಹೆಸರಿಟ್ಟಿರೋದು ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ? ಆದರೆ ರೆಕಾರ್ಡು ಹಾಕೋ ಈ ಟರ್ನ್‌ಟೇಬಲ್ಲನ್ನ ನಾಲ್ಕು ಜನ ಹೊತ್ತು ತಂದದ್ದು ನಿಜ. ಅವರಲ್ಲಿ ಒಬ್ಬ ಅರ್ಧ ಮೆಟ್ಟಿಲಲ್ಲೇ ಕುಸಿದು ಕೂತು, ‘ಸ್ವಾಮಿ, ಹಾಡೋರನ್ನೂ ಒಳಗೇ ಕೂರಿಸಿ ತರಿಸಿದ್ದೀರಾ?’ ಅಂತ ಕೇಳಿದ. ಅದೂ ನಿಜ!

ಕೂತ್ಕೋ. ಅಲ್ಲಲ್ಲ, ಆ ಕುರ್ಚಿ ಅಲ್ಲ, ಈ ಕುರ್ಚಿ. ಎರಡು ಸ್ಪೀಕರಿಗೂ ಸರಿಯಾಗಿ ನಡುವೆ. ಮತ್ತೆ ನೋಡು, ಈ ರೂಮಲ್ಲಿ ಧಡಧಡ ನಡೆಯೋ ಹಾಗಿಲ್ಲ. ಮುಳ್ಳು ಅಷ್ಟು ನಾಜೂಕು. ಹೋದ ವಾರ ಮೇಲಿನ ಮನೆ ಮೇಷ್ಟ್ರು ಒಂದು ಸೀನು ಸೀನಿದ್ದಕ್ಕೆ ಮುಳ್ಳು ಎಗರಿ, ವಿರಹದ ಹಾಡಲ್ಲಿದ್ದದ್ದು ಸೀದಾ ಲಾಲಿ ಹಾಡಿಗೆ ಬಂತು! ನಡುವೆ ಮದುವೆಯೂ ಇಲ್ಲ, ಏನೂ ಇಲ್ಲ! ...ನಕ್ಕರೂ ಮೆತ್ತಗೆ ನಗು.

ಕಡಲೇಬೀಜ ತಗೋ. ಉಪ್ಪು ಹಾಕಿ ಹುರಿದದ್ದು. ತಿನ್ನು. ತಾಳಕ್ಕೆ ಸರಿಯಾಗಿ ಅಗಿ, ಅಷ್ಟೇ.

ಈಗ ಹೇಳು, ಮೊದಲು ಹಾಕಿದ ರೆಕಾರ್ಡು ಹೇಗಿತ್ತು? ಸುಮ್ಮನೆ ತಲೆ ಆಡಿಸಿದರೆ ಆಗಲ್ಲಕ್ಕಾ. ಹಾಡ್ತಿದ್ದವಳು ಎಲ್ಲಿ ನಿಂತಿದ್ದಳು? ...ಕಿಟಕಿ ಕಡೆ ಕೈ ತೋರಿಸ್ತೀಯಾ? ಭೇಷ್! ಕಿಟಕಿ ಆಚೆ ನಿಂತು, ಬಾಯಿಗೆ ಟವೆಲ್ಲು ಅಡ್ಡ ಹಿಡ್ಕೊಂಡು ಹಾಡಿದಂಗಿತ್ತು. ಅದು ನನ್ನ ರೆಕಾರ್ಡು. ಹಾಡು ಅದೇ, ಹಾಡಿದವಳೂ ಅವಳೇ, ಆದರೆ ಕಂಪನಿಯವರು ಆಮೇಲೆ ಒತ್ತಿದ ಎರಡನೇ ಅಚ್ಚು. ಈಗ ಹಾಕೋದು ನಿಂದು. ಭಾವನ ರೆಕಾರ್ಡು. ಮೊದಲನೇ ಅಚ್ಚು! ನೋಡು ಕವರು, ಮೂಲೇಲಿ ಭಾವ ಚಹಾ ಲೋಟ ಇಟ್ಟ ಉಂಗುರದ ಕಲೆ ಹಾಗೇ ಇದೆ. ಬೇಸಿಗೆಯಿಂದ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದಿದ್ದೀನಿ ಇದನ್ನ.

ಗೊತ್ತಕ್ಕಾ. ಭಾವ ಹೋದಮೇಲೆ ನೀನು ಇದನ್ನ ಒಂದು ಸಲವೂ ಹಾಕಿಲ್ಲ. ‘ಒಬ್ಬಳೇ ಕೇಳೋಕೆ ಆಗಲ್ಲ ಕಣೋ, ನಿನ್ನ ಮನೇಲೇ ಕೂತು ಕೇಳ್ತೀನಿ, ಆಮೇಲೆ ತಗೊಂಡು ಹೋಗ್ತೀನಿ’ ಅಂತ ನೀನೇ ತಾನೇ ನನ್ನ ಕೈಗೆ ಕೊಟ್ಟಿದ್ದು. ಬಂದೆಯಲ್ಲ, ಕೇಳು.

ಎದ್ದು ಬರಬೇಡ, ಅಲ್ಲೇ ಕೂತಿರು! ...ಬ್ರಷ್ಷಲ್ಲಿ ಒಂದು ಸುತ್ತು... ಈಗ ಉಸಿರು ಹಿಡಿ... ಇಳಿಸ್ತಿದ್ದೀನಿ... ಇಳೀತು!

ಆಹಾ! ಆಹಾಹಾ! ಕೇಳಿಸ್ತಾ? ಹಾಡೋಕೆ ಮುಂಚೆ ಉಗುಳು ನುಂಗಿದಳು! ನನ್ನ ರೆಕಾರ್ಡಲ್ಲಿ ನುಂಗೇ ಇರಲಿಲ್ಲ! ನೋಡು, ಕಿಟಕಿ ಆಚೆ ಇದ್ದವಳು ಈಗ ಒಳಗೆ ಬಂದು ಮೇಜಿಗೆ ಒರಗಿ ನಿಂತಿದ್ದಾಳೆ. ಎಡಗಡೆ ಪಿಟೀಲು. ಬಲಗಡೆ ತಬಲ. ತಬಲದವನ ಕೈಗಡಿಯಾರ ಟಿಕ್ ಟಿಕ್ ಅಂತಿದೆ ಕೇಳು... ಹತ್ತು ನಿಮಿಷ ಮುಂದೆ ಇಟ್ಕೊಂಡಿದ್ದಾನೆ! ಏನು ಹಾಗೆ ನೋಡ್ತೀಯ? ಕಿವಿ ಬೇಕಕ್ಕಾ, ಕಿವಿ!

ಅಯ್ಯೋ, ಆ ಬಟ್ಟಲು...

ಏನಿಲ್ಲ. ಏನೂ ಇಲ್ಲ. ಬೀಜ ಆ ಬಟ್ಟಲಿಗೆ ಯಾರು ಹಾಕಿದರು ಅಂತ ನೋಡ್ದೆ, ಅಷ್ಟೇ. ನಮ್ಮವಳೇ ಇರಬೇಕು. ಕೈಗೆ ಸಿಕ್ಕಿದ್ದರಲ್ಲಿ ಸುರಿದಿಡ್ತಾಳೆ. ಹೌದು, ಕಪ್ಪು ಬಟ್ಟಲು. ಹೊಸದು. ಅಂಚು ಹೀಗೆ ಸೊಟ್ಟಸೊಟ್ಟಗೆ ಇರೋದೇ ಈಗಿನ ಫ್ಯಾಷನ್ನು. ...ಮೇಜಿನ ಮೇಲೆ ಉಪ್ಪು ಉದುರ್ತಿದೆಯಾ? ಉದುರಲೇಬೇಕು! ತಳದಲ್ಲಿ ತೂತು ಬಿಟ್ಟಿರ್ತಾರೆ. ಬಿಪಿ ಇರೋರಿಗೆ ಅಂತಲೇ ಮಾಡಿದ್ದು. ಹೆಚ್ಚಾದ ಉಪ್ಪು ಇಳಿದು ಹೋಗುತ್ತೆ. ಡಾಕ್ಟರೇ ಹೇಳಿದ್ದಕ್ಕಾ!

ಹಾಡು ಕೇಳು, ಹಾಡು. ಬೀಜ ಆಮೇಲೆ ತಿಂದರಾಯ್ತು. ಇಷ್ಟು ಬೇಗ ಬೇಗ ತಿಂದರೆ ಗ್ಯಾಸು... ತಳ ಕಾಣೋ ಹಾಗಾಯ್ತಲ್ಲ! ತಡಿ, ಇನ್ನೊಂದು ಹಿಡಿ ಹಾಕ್ತೀನಿ. ಬೇಡವಾ? ಅಕ್ಕಾ ಅನ್ನಲಾ, ತಾಯೀ ಅನ್ನಲಾ, ಒಂದೇ ಒಂದು ಹಿಡಿ... ಬಟ್ಟಲಿಗೆ ಕೈ ಅಡ್ಡ ಇಟ್ಟೆಯಾ. ಸರಿ.

ಈ ಸಾಲು ಅಷ್ಟೇನೂ ಚೆನ್ನಾಗಿಲ್ಲ. ಮುಂದಿನ ಹಾಡು ಹಾಕಲಾ? ಅದರಲ್ಲಿ ಕೊಳಲಿದೆ. ಪಕ್ಕದ ಮನೆ ಬೆಕ್ಕು ಬಂದು ಸ್ಪೀಕರ್ ಮುಂದೆ... ಬೇಡವಾ. ಇದನ್ನೇ ಕೇಳ್ತೀಯಾ. ಆಯ್ತು. ಕೇಳು.

...ಅಕ್ಕಾ! ಧಪ್ ಅಂತ ನೆಲ ಗುದ್ದಬೇಡ ಅಂತ ಹೇಳ್ಲಿಲ್ವಾ? ಮುಳ್ಳು... ಓ.

ಓ. ಹೌದು. ಅದೇ ಜಾಗ.

ನಿಮ್ಮನೇಲಿ ಇಲ್ಲೇ, ಗೀರಲ್ಲಿ, ಮುಳ್ಳು ಸಿಕ್ಕಿಕೊಳ್ತಿತ್ತಲ್ವಾ. ‘ಬಾ... ಬಾ... ಬಾ...’ ಅಂತ ಒಂದೇ ಸಮನೆ ಕರೆಯೋಳು ಅವಳು. ಭಾವ ಬಚ್ಚಲಲ್ಲಿದ್ದರೂ, ‘ಬಂದೆ ಕಣೇ, ಬಂದೆ! ನಮ್ಮನೆಯವಳೂ ಇಷ್ಟು ಸಲ ಕರೆಯಲ್ಲ!’ ಅಂತ ಸೋಪು ಮೈಯಲ್ಲೇ ಓಡಿ ಬಂದು ಹಿಮ್ಮಡಿಯಿಂದ ನೆಲಕ್ಕೆ ಒಂದು ಕೊಡೋರು. ಮುಳ್ಳು ಹಾರಿ ಹಾಡು ಮುಂದಕ್ಕೆ! ಕೊನೆಕೊನೆಗೆ ಏಳೋಕಾಗದೇ ಇದ್ದಾಗ ಮಂಚದ ಮೇಲಿಂದಲೇ ‘ಬಂದೆ’ ಅನ್ನೋರು. ಗುದ್ದೋ ಕಾಲು ನಿಂದು.

ಆದರೆ ನೋಡಿದ್ಯಾ, ಇವತ್ತು ಸಿಕ್ಕಿಕೊಳ್ಳಲೇ ಇಲ್ಲ! ಒಂದೇ ಸಲ ‘ಬಾ’ ಅಂದು ನೀರು ಹರಿದಂಗೆ ಹೋಯ್ತು. ಇದೇ ನನ್ನ ಟರ್ನ್‌ಟೇಬಲ್ಲಿನ ಮಹಿಮೆ! ಗೀರು, ಗಾಯ, ತರಚು ಎಲ್ಲಾ ವಾಸಿ! ಯಂತ್ರ ಅಲ್ಲ ಇದು, ಆಸ್ಪತ್ರೆ! ...ಅಲ್ವಾ? ಬಡಾಯಿ ಅನ್ನು. ಬೈಯಿ. ಏನಾದರೂ ಅನ್ನಕ್ಕಾ.

ಬಟ್ಟಲು ಯಾಕೆ ಎತ್ಕೊಂಡೆ? ಬೀಜ ಮಡಿಲಿಗೆ ಸುರ್ಕೋಬೇಡ, ಬಟ್ಟೆ ಎಣ್ಣೆ ಆಗುತ್ತೆ... ಅದು ಡಿಸೈನು. ತಳದಲ್ಲಿ ಹಾಗೆ ಗುಂಡಗೆ ಕಾಗದ ಅಂಟಿಸಿರ್ತಾರೆ. ಕನ್ನಡಕ ಇಲ್ದೆ ನಿನಗೆ ಹೇಗೆ ಓದೋಕೆ... ಹಾಕ್ಕೊಂಡೆಯಾ.

...

ಭಾವನ ರೆಕಾರ್ಡನ್ನ ತೊಳೆದೆ ಅಕ್ಕಾ. ಅದೊಂದು ಗೀರಲ್ಲಿ ದೂಳು ಕೂತಿದೆ, ತೆಗೆದು ಹೊಸದರ ಹಾಗೆ ಮಾಡಿಕೊಡೋಣ ಅಂತ, ಕೈಕೂಸಿಗೆ ನೀರು ಹಾಕಿದಂಗೆ ತೊಳೆದೆ. ಒಣಗಲಿ ಅಂತ ಆಂಪ್ಲಿಫೈಯರ್ ಮೇಲಿಟ್ಟೆ. ಬಲ್ಬು ಉರಿಯೋ ಆಂಪ್ಲಿಫೈಯರ್ರು, ಬೆಚ್ಚಗಿರುತ್ತಲ್ಲ... ಅದೇ, ಊರಿಗೆಲ್ಲ ಒಂದೇ ಅಂತ ಕೊಚ್ಚಿಕೊಳ್ತೀನಲ್ಲ, ಅದು. ಬಂದು ನೋಡಿದರೆ ಒದ್ದೆ ಬಟ್ಟೆ ಥರ ಜೋತುಬಿದ್ದಿತ್ತು. ಎತ್ತಿಕೊಂಡೆ, ಕೈಯಲ್ಲೇ ಬಟ್ಟಲಾಯ್ತು.

ಆಮೇಲೆ ಹಳೇ ರೆಕಾರ್ಡಿನ ಅಂಗಡಿ ಒಂದೂ ಬಿಡದೆ ಜಾಲಾಡಿದೆ. ಮೊದಲನೇ ಅಚ್ಚೇ ಸಿಕ್ತು, ಭಾವನ ಕವರಿಗೇ ಹಾಕಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದೆ, ಒಂದು ಗೀರಿಲ್ಲ! ಕುಣಿದಾಡಿಬಿಟ್ಟೆ. ಮುಠ್ಠಾಳ. ನಿನಗೆ ಬೇಕಾಗಿದ್ದೇ ಆ ಗೀರು ಅನ್ನೋದು ಈ ಕಿವಿಗೆ ಹೊಳೆಯಲಿಲ್ಲ.

ಬೇಡ, ಚೀಲ ತಗೋಬೇಡ. ಹೋಗಬೇಡ. ಒಂದು ನಿಮಿಷ ನಿಂತ್ಕೋ. ಮುಳ್ಳಿರೋ ಈ ಕೈಯನ್ನ ಯಾರೂ ಬೆರಳಲ್ಲಿ ಮುಟ್ಟಬಾರದು ಅಂತ ನಮ್ಮವಳ ಮೇಲೆ ಮನೆ ಹಾರಿಹೋಗೋ ಹಾಗೆ ಕೂಗಾಡಿದ್ದೆ. ನೋಡು, ನಾನೇ ಮುಟ್ತಿದ್ದೀನಿ. ಎತ್ತಿ... ಸ್ವಲ್ಪ ಹಿಂದಕ್ಕೆ... ‘ಬಾ’! ಮತ್ತೆ ಎತ್ತಿ... ‘ಬಾ’! ಮುಳ್ಳು ಹೋದರೆ ಹೋಗಲಿ, ನೀನು ಗುದ್ದೋ ತನಕ ಮುಂದಕ್ಕೆ ಬಿಡಲ್ಲ. ‘ಬಾ’! ಕರೀತಿದ್ದಾಳಕ್ಕಾ. ‘ಬಾ’! ಎಷ್ಟು ಹೊತ್ತು ಕರೆಸ್ತೀಯ ಪಾಪ ಅವಳ ಕೈಲಿ? ಕಾಲು ಎತ್ತು... ‘ಬಾ’!

ಧಪ್! ಹಾಂ! ಹೋಯ್ತು ನೋಡು ಮುಂದಕ್ಕೆ! ಏನು ಗುದ್ದು ಗುದ್ದಿದೆ! ಮೇಲಿನ ಮನೆ ಮೇಷ್ಟ್ರು ಮಂಚದಿಂದ ಬಿದ್ದಿರ್ತಾರೆ!

...ಅಳ್ತಿದ್ದೀಯೋ, ನಗ್ತಿದ್ದೀಯೋ? ಎರಡೂ ಒಟ್ಟಿಗೆ ಮಾಡಬೇಡ, ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತೆ. ಅಲ್ಲಿ ಮಾತ್ರ ಗುದ್ದಿ ಬಿಡಿಸೋಕೆ ಆಗಲ್ಲ.

ಏನು? ಅಡುಗೆಮನೆ ಕಡೆ ಯಾಕೆ ನೋಡ್ತೀಯ? ನಮ್ಮವಳು ಇಲ್ಲ. ಬೆಳಗ್ಗೆಯೇ ಹೊರಗೆ ಹೋದಳು... ಹಾಗೆ ನೋಡಬೇಡಕ್ಕಾ. ಸೀನು ನಿಜ, ಬೆಕ್ಕು ನಿಜ, ಹತ್ತು ನಿಮಿಷ ಮುಂದಿದ್ದ ಗಡಿಯಾರವೂ ನಿಜ. ಒಂದೇ ಒಂದು ಸಣ್ಣ ವಿಷಯ ಮಾತ್ರ ಕಟ್ಟಿದ್ದು. ಆ ಬಟ್ಟಲಿಗೆ ಬೀಜ ಹಾಕಿದ್ದು ಅವಳಲ್ಲ. ನಾನೇ. ಬೇಸಿಗೆಯಿಂದ ನಿನಗೆ ಹೇಳಬೇಕು ಅಂತ ಬಾಯಿ ತೆಗೆದಾಗಲೆಲ್ಲ ಬಡಾಯಿಯೇ ಬರ್ತಿತ್ತು. ಅದಕ್ಕೇ... ತಿಂತಾ ತಿಂತಾ ನೀನೇ ತಳ ಮುಟ್ಟಲಿ ಅಂತ.