ಊರು ಕಂಡ ಮೇಲೆ

ಮಾಮಾಸಾ ಊರಿನಿಂದ ತೊರಾಜಾ ಸೀಮೆಗೆ ಬೆಟ್ಟದ ದಾರಿಯಲ್ಲಿ ದಿನಗಟ್ಟಲೆ ನಡೆದು ದಮಾರಿಸಳ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಅಜ್ಜನ ಸಾವಿನ ಕಾರ್ಯಕ್ಕೆ ಅಣ್ಣ ಮಾರ್ಥೆನ್ ಮತ್ತು ನೆಂಟರ ಜೊತೆ ಹೊರಟವಳು. ಸಂಜೆ ಮಳೆ ಹಿಡಿದದ್ದರಿಂದ ಎಲ್ಲರೂ ದಾರಿಬದಿಯ ಮನೆಯ ತಸಿಕ್ ಅಜ್ಜಿಯ, ಕಂಬಗಳ ಮೇಲೆ ನಿಂತ ಭತ್ತದ ಕಣಜದ ಕೆಳಗಿನ ಜಗಲಿ ಹತ್ತಿ, ಬೇಯಿಸಿದ ಮರಗೆಣಸು, ಕಪ್ಪು ಕಾಫಿ ಹಿಡಿದು ಕೂತರು. ಕೊನೆಯವಳಾಗಿ ಕುಂಟುತ್ತ ಬಂದ ದಮಾರಿಸ್, ಇನ್ನೆಷ್ಟು ದೂರ ಎಂದು ಕೇಳಿದಳು.

“ಹಾಗೆ ಕೇಳಬಾರದು ಮಗಳೇ, ಕೇಳಿದಷ್ಟೂ ದಾರಿ ಬೆಳೆಯುತ್ತೆ,” ಎಂದಳು ಅಜ್ಜಿ. “ಇಷ್ಟು ದಿನ ನಡೆದು ಇದನ್ನೂ ಕಲೀಲಿಲ್ವಾ? ಇನ್ನೊಂದು ಹೇಳ್ತೀನಿ, ಕೇಳಿ... ನಡೆಯೋರು ಎಡವೋದು ಊರು ಕಂಡ ಮೇಲೇನೇ. ರಾಂಪೊ ಎಡವಿದ್ದೂ ಹಾಗೇ.

“ನನ್ನಮ್ಮನ ಓರಗೆಯವಳು ಅವಳು. ಗಂಡ... ಹೆಸರು ಹೇಳಲ್ಲ, ಕೇಳಲೂಬೇಡಿ... ಬೆಟ್ಟದಾಚೆ ಬೆತ್ತ ಕಡಿಯೋಕೆ ಹೋಗಿ ಜ್ವರ ಬಂದು ಸತ್ತ. ಊರಿಗೆ ತಂದು ಎಮ್ಮೆ ಕಡಿದು ಕಳಿಸಿಕೊಡದಿದ್ರೆ ಆ ಜೀವ ಎಲ್ಲಿಗೆ ಹೋಗಬೇಕು ಹೇಳಿ? ಆ ಕಡಿದಾದ ದಾರೀಲಿ ಹೆಣ ಹೊರೋರಾದ್ರೂ ಯಾರು? ಆಗೆಲ್ಲ ಮಂತ್ರ ಬಲ್ಲ ಮುದುಕರಿದ್ರು, ಸತ್ತವರನ್ನ ಅವರ ಕಾಲ ಮೇಲೇ ನಡೆಸಿಕೊಂಡು ಬರ್ತಿದ್ರು. ಮುದುಕ ಮುಂದೆ, ಅವನು ನಡುವೆ, ರಾಂಪೊ ಹಿಂದೆ. ಒಂದೇ ಕಟ್ಟಳೆ... ಮನೆ ಮುಟ್ಟೋವರೆಗೂ ಅವನನ್ನ ಮಾತಾಡಿಸಬಾರದು. ಮಾತಾಡಿಸಿದ್ರೆ ಸತ್ತದ್ದು ನೆನಪಾಗಿ ಬಿದ್ದುಬಿಡ್ತಾನೆ.

“ಹಲ್ಲು ಕಚ್ಚಿ ನಡೆದಳು ಪಾಪ. ಅವನ ಕಾಲಿಗೆ ಮುಳ್ಳು ಹೊಕ್ಕರೂ ತುಟಿ ಬಿಚ್ಚಲಿಲ್ಲ. ಕೊನೇ ದಿನ, ನೀವು ಮಧ್ಯಾಹ್ನ ದಾಟಿ ಬಂದ್ರಲ್ಲ, ಅದೇ ನೆತ್ತಿ ಹತ್ತಿದ್ರು. ದೂರ ಕೆಳಗೆ ಅವರ ಊರಿನ ಮಾಡುಗಳು ಕಂಡ್ವು, ನಾಳೆ ನಿಮ್ಮ ದಾರೀಲಿ ಸಿಗುತ್ತಲ್ಲ, ಅದೇ ಊರು. ಕಾರ್ಯ ಆಗೋವರೆಗೂ ಸತ್ತವರನ್ನ ಕಾಯಿಲೆಯವರು ಅಂತಲೇ ಅಲ್ವಾ ನಾವು ಅನ್ನೋದು? ಅನ್ನ ಇಟ್ಟು, ಹೇಗಿದ್ದೀರಿ ಅಂತ ಕೇಳೋದು? ನಿಮ್ಮಜ್ಜನಿಗೂ ಈಗ ಹಾಗೇ ತಾನೇ? ಊರು ಕಂಡದ್ದೇ ತಡ, ಅವಳಿಗೆ ಮನೆಗೇ ಬಂದ ಹಾಗಾಯ್ತು. ಹತ್ತಿರ ಹೋಗಿ, ‘ಸುಸ್ತಾಯ್ತೇನ್ರೀ? ಮನೆ ಬಂತು ನೋಡಿ’ ಅಂದುಬಿಟ್ಟಳು... ನಿಂತಲ್ಲೇ ಕುಸಿದ.

“ಮುದುಕ ಜನ ಕರ್ಕೊಂಡು ಬರೋ ಹೊತ್ತಿಗೆ ಅವಳ ಮಡಿಲಲ್ಲಿ ಬರೀ ಹೊದಿಕೆ ಇತ್ತು. ಅವನಿಲ್ಲ. ಸಾಯೋವರೆಗೂ ಅವಳು ದಿನಾ ಒಂದು ತಟ್ಟೆ ಅನ್ನ ಇಟ್ಟು ಕಾದಳು. ಅವನೋ, ನೆತ್ತಿ ದಾಟೋರಲ್ಲಿ ಕೊನೆಯವರ ಬೆನ್ನು ಹಿಡಿದು ಬರ್ತಾನೆ. ಒಬ್ಬರು ಹೆದರಿ ಯಾರದು ಅಂತಾರೆ, ಇನ್ನೊಬ್ಬರು ಕನಿಕರದಿಂದ ಬಾಪ್ಪಾ ಅಂತಾರೆ. ಅಷ್ಟಕ್ಕೇ ಮತ್ತೆ ಬೀಳ್ತಾನೆ.”

ನಾಳೆ ತಂಗಿ ಬೇಗ ನಡೆಯಲಿ ಎಂದು ಹೆದರಿಸುತ್ತಿದ್ದೀರಾ ಎಂದು ಮಾರ್ಥೆನ್ ನಕ್ಕ. ದಮಾರಿಸ್ ನಗಲಿಲ್ಲ. ನೆತ್ತಿ ದಾಟಿದ ಮೇಲೆ ಬೆನ್ನ ಹಿಂದೆ ಅವಳಷ್ಟೇ ನಿಧಾನವಾಗಿ ಯಾರದೋ ಹೆಜ್ಜೆ ಕೇಳಿಸುತ್ತಿತ್ತು. ಬೆಳಿಗ್ಗೆ ಆಮೆ ಎಂದು ಹಂಗಿಸಿದ್ದ ಅಣ್ಣನೇ ಮನಸ್ಸು ಕರಗಿ ಜೊತೆಗೆ ಬರುತ್ತಿದ್ದಾನೆ ಎಂದುಕೊಂಡಿದ್ದಳು. ನೋವಿನಲ್ಲೂ ಅದೊಂದು ಧೈರ್ಯವಾಗಿತ್ತು.

“ಅಣ್ಣಾ, ನೀನು ನನ್ನ ಹಿಂದೆ ಇದ್ದೆ ಅಲ್ವಾ?”

“ನಾನಾ? ನೀನು ಬರೋ ಹೊತ್ತಿಗೆ ನಂದು ಎರಡು ಲೋಟ ಕಾಫಿ ಆಗಿತ್ತು.”

ಅಜ್ಜಿಯ ಮುಖ ಬದಲಾಯಿತು. ಮಾತಾಡಿಸಿದೆಯಾ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ಅಣ್ಣನ ಮೇಲೆ ಮುನಿಸಿತ್ತು ಎಂದಳು ದಮಾರಿಸ್.

ಅಜ್ಜಿ ಒಂದು ತಟ್ಟೆಗೆ ಅನ್ನ ಬಡಿಸಿದಳು. ಹೊರಗೆ ನೋಡದೆ, ಅದನ್ನು ಜಗಲಿಯ ಅಂಚಿಗೆ ಸರಿಸಿದಳು.

“ನಾಳೆಯೂ ನೀನೇ ಕೊನೆಗೆ ನಡಿ ಮಗಳೇ, ಅವನು ಮನೆ ಮುಟ್ಟಲಿ. ಊರು ಕಂಡ್ರೂ ತಿರುಗಬೇಡ, ಬಾಯಿ ಬಿಡಬೇಡ... ಈ ಮನೆವರೆಗೆ ಅವನು ಯಾವತ್ತೂ ಬಂದಿರಲಿಲ್ಲ.”