ಬಣ್ಣ ಕುಡಿದ ಕಾಗದ

ಬಣ್ಣದ ಕಾರ್ಖಾನೆ ಇಟ್ಟುಕೊಂಡಿದ್ದ ಒಬ್ಬ ಶ್ರೀಮಂತ ಒಂದೂರಲ್ಲಿದ್ದ. ಕಾರ್ಖಾನೆಯ ನೀಲಿ ನೀರು ಊರಿನ ಬಾವಿಗಳಿಗೆ ಇಳಿಯಿತು. ಜನ ಬೈದರು. ಆಗ ಅವನು ಬಾವಿ ನೀರು ಸೋಸಲು ಶಾಲೆಯ ಅಂಗಳದಲ್ಲಿ ಇದ್ದಿಲು ತುಂಬಿದ ತೊಟ್ಟಿ ಕಟ್ಟಿಸಿ, ಮಕ್ಕಳು ಕುಡಿಯಲು ನಲ್ಲಿ ಹಾಕಿಸಿದ. ಇದ್ದಿಲು ಬಣ್ಣವನ್ನು ಮೈಗೆ ಅಂಟಿಸಿಕೊಂಡು ನೀರನ್ನು ತಿಳಿಯಾಗಿ ಬಿಡುತ್ತದೆ, ನೋಡಿ. ಬಿಡುತ್ತದೆಯೋ ಇಲ್ಲವೋ ಪರೀಕ್ಷಿಸಿ ಸಹಿ ಹಾಕಬೇಕಾದವಳು ಅವನ ಲ್ಯಾಬಿನ ಒಬ್ಬ ಹೆಣ್ಣುಮಗಳು.

ಅವಳು ಬಾವಿ ನೀರಿಗೆ ಇದ್ದಿಲು ಹಾಕಿ ಕುಲುಕಿದಳು. ಫಿಲ್ಟರ್ ಪೇಪರಿನಲ್ಲಿ ಸೋಸಿದಳು. ಮೊದಲು ಬಿದ್ದ ನಾಲ್ಕು ಹನಿ ಹಿಡಿದು ಅಳೆದಳು. ಸ್ಫಟಿಕದಂತಹ ನೀರು! ಉಳಿದದ್ದನ್ನು ನೋಡದೆ ಸಹಿ ಹಾಕಿಬಿಟ್ಟಳು.

ಮರುದಿನವೇ ನಲ್ಲಿ ತೆರೆಯುವ ದಿನ. ಬೆಳಿಗ್ಗೆ ಮೇಜು ಒರೆಸುವಾಗ ನಿನ್ನೆಯ ಕಾಗದ ಕಣ್ಣಿಗೆ ಬಿತ್ತು. ಕಾಗದ ನೀಲಿಯಾಗಿತ್ತು. ಬಣ್ಣ ಕುಡಿದದ್ದು ಇದ್ದಿಲೋ, ಕಾಗದವೋ? ಇದ್ದಿಲೇ ಹಾಕದ ಬಾವಿ ನೀರನ್ನು ಹೊಸ ಕಾಗದದಲ್ಲಿ ಸೋಸಿದಳು. ಮೊದಲ ನಾಲ್ಕು ಹನಿ ತಿಳಿ. ಆಮೇಲೆ? ಆಮೇಲೆ ನೀಲಿ, ಬರೀ ನೀಲಿ. ಇದ್ದಿಲು ಹಾಕಿದ ನೀರಿಗೂ ಅದೇ ಗತಿ. ಮೊದಲ ಹನಿಗಳನ್ನು ಚೆಲ್ಲಿ, ಕಾಗದಕ್ಕೆ ಹೊಟ್ಟೆ ತುಂಬಿದ ಮೇಲೆ ಬಂದದ್ದನ್ನು ಅಳೆಯಬೇಕಿತ್ತು. ಗೊತ್ತಿದ್ದೂ ಅವಸರ ಮಾಡಿದ್ದಳು.

ಓಡಿದಳು. ಶಾಲೆಯಲ್ಲಿ ಮಕ್ಕಳು ಲೋಟ ಹಿಡಿದು ಸಾಲಾಗಿ ನಿಂತಿದ್ದರು, ಶ್ರೀಮಂತ ನಲ್ಲಿಯ ಪಕ್ಕದಲ್ಲಿದ್ದ.

"ಧಣೀ, ನಲ್ಲಿ ತೆರೀಬೇಡಿ. ನನ್ನ ಪರೀಕ್ಷೆ ತಪ್ಪಾಗಿದೆ."

"ಸಹಿ ಹಾಕಿದ ಕೈ ಯಾರದಮ್ಮಾ?"

"ನಂದೇ."

"ಹಾಗಾದ್ರೆ ಬಾಯಿ ಮುಚ್ಕೊಂಡು ನಿಂತ್ಕೊ. ಇಲ್ಲಾಂದ್ರೆ ನಾಳೆಯಿಂದ ಗೇಟೊಳಗೆ ಕಾಲಿಡ್ಬೇಡ."

ಆ ಕೆಲಸ ಹೋದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಅಷ್ಟರಲ್ಲಿ ನಲ್ಲಿ ತಿರುಗಿತು, ಒಂದು ಮಗು ಲೋಟ ಒಡ್ಡಿತು.

"ಕುಡೀಬೇಡ ಕಂದಾ, ವಿಷ!" ಎಂದು ಕಿರುಚಿ ಅಡ್ಡ ನಿಂತಳು. ನಲ್ಲಿ ಮುಚ್ಚಿತು, ಕೆಲಸವೂ ಹೋಯಿತು. ಮನೆ ಸೇರಿದರೂ ಅವಳ ನಡುಕ ನಿಲ್ಲಲಿಲ್ಲ.

ತಾಯಂದಿರೇ, ಅಣ್ಣಂದಿರೇ, ನಿಜವಾಗಿ ನಡುಗಬೇಕಾದವರು ನಾವು. ಮಠಕ್ಕೆ ಬರುವಾಗ ನಾವೆಲ್ಲ ಎಷ್ಟು ತಿಳಿ! ಎಷ್ಟು ಶಾಂತ! ನಮ್ಮ ಬಣ್ಣ ಕುಡಿದವರು ಯಾರು? ನಿಮ್ಮ ಸಿಟ್ಟನ್ನು, ಸೊಕ್ಕನ್ನು ಮನೆಯಲ್ಲಿ ಯಾರೋ ಒಬ್ಬರು ಮೈಮೇಲೆ ಹಾಕಿಕೊಂಡಿದ್ದಾರೆ. ಜಪ ನಿಮ್ಮನ್ನು ತೊಳೆಯಿತೋ, ಅವರು ತೊಳೆದರೋ, ಎಂದಾದರೂ ಪರೀಕ್ಷೆ ಮಾಡಿದ್ದೀರಾ? ಮೊದಲ ನಾಲ್ಕು ಸಿಹಿ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾಳೆ ಸಾರಿಗೆ ಉಪ್ಪು ಹೆಚ್ಚಾದಾಗ ಐದನೆಯ ಮಾತು ಏನು ಬರುತ್ತದೆ, ಅದನ್ನು ಹಿಡಿಯಿರಿ, ಅದನ್ನು ತಿದ್ದಿರಿ. ಈಗ ಮನೆಗೆ ಹೋದವರೇ ಆ ಒಬ್ಬರ ಮುಖವನ್ನು ಸರಿಯಾಗಿ ನೋಡಿ, ಕ್ಷಮೆ ಕೇಳಿ. ಅವರಾದರೂ ಇನ್ನೆಷ್ಟು ದಿನ ತಡೆದಾರು?